ಮಗ್ಗದ ಮನೆಗೆ ಹೆಂಚೋ ತಗಡೋ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಮಂಡಿನೋವು. ನನಗಿರುವುದು ವಿಚಾರಿಸುವ ಕಾಯಿಲೆ. ನಾಲ್ಕು ಜನರನ್ನು ಕೇಳದೆ ನಾನು ಯಾವ ಕೆಲಸವನ್ನೂ ಮಾಡಲಾರೆ. ಆ ನಾಲ್ವರೂ ನಾಲ್ಕು ಥರ ಹೇಳಿದ ಮೇಲೆ ಐದನೆಯವರನ್ನು ಕೇಳದೆ ಇರಲಾರೆ. ಹೋಟೆಲಿಗೆ ಹೋದರೆ ಮಾಣಿ ಒಂದೇ ಉಸಿರಿನಲ್ಲಿ ಒಪ್ಪಿಸುವ ಪಟ್ಟಿಯನ್ನು ಎರಡು ಸಲ ಹೇಳಿಸಿ, ಪಕ್ಕದ ಮೇಜಿನವರ ತಟ್ಟೆಯನ್ನು ಇಣುಕಿ ನೋಡಿ, ದೋಸೆ ಗರಿಗರಿಯಾಗಿದೆಯೇ ಎಂದು ಅವರನ್ನೇ ಕೇಳಿ, ಅವರು ಮುಖ ಸಿಂಡರಿಸಿದ ಮೇಲೆ ಬರೀ ಕಾಫಿ ಕುಡಿದು ಎದ್ದುಬಂದದ್ದುಂಟು. ನನ್ನ ಹೆಂಡತಿ ಲಲಿತ ಈ ವಿಷಯದಲ್ಲಿ ನೆಂಟರ ಮುಂದೆ ಹೇಳುವ ಒಂದು ಮಾತಿದೆ: "ನನ್ನನ್ನ ನೋಡಿ ಒಪ್ಕೊಂಡಿದ್ದು ಇವರ ಅಣ್ಣ. ಇವರು ಇನ್ನೂ ವಿಚಾರಿಸ್ತಾನೇ ಇದ್ದಾರೆ." ನೆಂಟರು ನಗುತ್ತಾರೆ. ನಾನೂ ನಗುತ್ತೇನೆ. ಸುಳ್ಳೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ.

ಈ ಕಾಯಿಲೆ ತೀರಾ ಉಲ್ಬಣಿಸಿದ ಸಂಗತಿಯೊಂದನ್ನು ಈಗ ಹೇಳಿಬಿಡುತ್ತೇನೆ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ದೊಡ್ಡಬಳ್ಳಾಪುರದ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮದು ನೇಯ್ಗೆಯವರ ಮನೆ. ಅಪ್ಪ ಗುಂಡಿ ಮಗ್ಗದ ನೇಕಾರರು. ನೆಲದಲ್ಲಿ ತೋಡಿದ ಗುಂಡಿಯೊಳಕ್ಕೆ ಕಾಲು ಇಳಿಬಿಟ್ಟು ಕೂತು, ಕೆಳಗೆ ತುಳಿಯುತ್ತ, ಮೇಲೆ ಲಾಳಿ ಓಡಿಸುತ್ತ ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವರು. ಅವರ ಮಗ್ಗ ಇದ್ದದ್ದು ಬೀದಿ ಕಡೆಯ ಪಡಸಾಲೆಯಲ್ಲಿ, ದೊಡ್ಡ ಕಿಟಕಿಯ ಪಕ್ಕದಲ್ಲಿ. ಆಗ ಊರಿಗೆಲ್ಲ ಪವರ್‌ಲೂಮಿನ ಹುಚ್ಚು ಹಿಡಿದಿತ್ತು. ಬೀದಿಯಲ್ಲಿ ನಡೆದರೆ ಎರಡೂ ಕಡೆಯಿಂದ ಖಟಖಟ ಸದ್ದು. ನಮ್ಮ ಬೀದಿಯವರು ಮನೆಯೊಳಗೂ ಕೂಗಿ ಮಾತಾಡುವುದನ್ನು ಕಲಿತದ್ದು ಆಗಲೇ. ನಮ್ಮಣ್ಣನೂ ಎರಡು ಪವರ್‌ಲೂಮು ತರುತ್ತೇನೆಂದ. ಅವನ್ನು ಕೂರಿಸಲು ಪಡಸಾಲೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅಪ್ಪ ಮಾರನೆಯ ದಿನ ಒಪ್ಪಿದರು. ಆದರೆ ಹಿತ್ತಲಲ್ಲಿ ತಮ್ಮ ಮಗ್ಗಕ್ಕೆ ಒಂದು ಪುಟ್ಟ ಮನೆ ಕಟ್ಟಿಕೊಡಬೇಕು ಎಂದರು. ಸಂಕ್ರಾಂತಿ ಕಳೆದ ವಾರ ಅವರ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದೆವು. ಪಡಸಾಲೆಯ ಗುಂಡಿ ಮುಚ್ಚಿ ಮೇಲೆ ಸಿಮೆಂಟು ಬಳಿದೆವು.

ಅವಸರಕ್ಕೆ ಕಾರಣವಿತ್ತು. ನನ್ನ ತಂಗಿ ಸರೋಜನ ಮದುವೆ ವೈಶಾಖಕ್ಕೆ ಗೊತ್ತಾಗಿತ್ತು. ನಮ್ಮ ಮನೆಯಲ್ಲಿ ಹೆಣ್ಣುಮಗಳ ಧಾರೆ ಸೀರೆ ಅಪ್ಪನ ಮಗ್ಗದಿಂದಲೇ ಇಳಿಯಬೇಕು. ಊರಿಗೆಲ್ಲ ಸೀರೆ ನೇಯುವವನ ಮಗಳು ಅಂಗಡಿ ಸೀರೆ ಉಟ್ಟು ಹಸೆಗೆ ಕೂತರೆ ಅದಕ್ಕಿಂತ ಅವಮಾನ ಇನ್ನಿಲ್ಲ. ಅಕ್ಕನ ಮದುವೆಗೆ ಅಪ್ಪ ನೇಯ್ದ ಸೀರೆಯನ್ನು ನೋಡಲು ಬೀಗರ ಊರಿನಿಂದ ಹೆಂಗಸರು ಬಂದಿದ್ದರು. ಸರೋಜನಿಗೂ ಎಣ್ಣೆಗೆಂಪಿನ ಒಡಲು, ಹಸಿರು ಅಂಚು, ಮೈತುಂಬ ಜರಿ ಬುಟ್ಟಾ ಎಂದು ಅಪ್ಪ ಮನಸ್ಸಿನಲ್ಲೇ ನೇಯ್ದು ಮುಗಿಸಿದ್ದರು. ಅಣ್ಣನಿಗೆ ಯಂತ್ರದ ಓಡಾಟ. ಹಾಗಾಗಿ ಮಗ್ಗದ ಮನೆ ಕಟ್ಟಿಸುವ ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು. "ಓದಿದವನು, ನೀನೇ ನೋಡ್ಕೊಳೋ" ಎಂದು ಅಣ್ಣ ಹೇಳಿದ. ಓದಿದವನು ಎಂದರೆ ನನಗೆ ಈಗಲೂ ಮೈ ಉಬ್ಬುತ್ತದೆ. ಒಪ್ಪಿಕೊಂಡೆ.

ಗಾರೆ ಕೆಲಸದ ಮುನಿಯಪ್ಪ ಪಾಯ ತೆಗೆದು ಗೋಡೆ ಎಬ್ಬಿಸಿದ. ಒಳಗೆ ಮಗ್ಗಕ್ಕೆ ಗುಂಡಿಯನ್ನೂ ತೋಡಿಸಿದ್ದಾಯಿತು. ಗೋಡೆ ನನ್ನ ತೊಡೆಯ ಮಟ್ಟಕ್ಕೆ ಬಂದಾಗ ಅವನು ಕರಣೆಯನ್ನು ಕೆಳಗಿಟ್ಟು, "ಮೇಷ್ಟ್ರೇ, ಮೇಲಕ್ಕೇನು?" ಎಂದ. ನಾನು ಮೇಲೆ ನೋಡಿದೆ. "ಅಲ್ಲ ಸ್ವಾಮಿ, ಹೆಂಚೋ ತಗಡೋ? ಹೆಂಚಾದ್ರೆ ಭಾರ ಬೀಳ್ತದೆ, ಗೋಡೆ ಇನ್ನೂ ದಪ್ಪಕ್ಕೆ ಬರ್ಬೇಕು, ಇಳಿಜಾರೂ ಜಾಸ್ತಿ ಕೊಡ್ಬೇಕು. ತಗಡಾದ್ರೆ ಇಷ್ಟೇ ಸಾಕು. ಈಗ್ಲೇ ಹೇಳ್ಬಿಡಿ, ಆಮೇಲೆ ಕಟ್ಟಿದ್ದನ್ನ ಒಡಿಸ್ಬೇಡಿ." ಪ್ರಶ್ನೆ ಸರಿಯಾಗಿತ್ತು. ಉತ್ತರವೂ ಒಂದೇ ಪದದ್ದು. "ನಾಳೆ ಹೇಳ್ತೀನಿ ಮುನಿಯಪ್ಪ" ಎಂದೆ. ಅವತ್ತು ನಾನು ಬಾಯಿಗೆ ಬಂದ ಒಂದು ಪದ ಹೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಮೊದಲು ಹೆಂಚನ್ನು ವಿಚಾರಿಸೋಣ ಎಂದುಕೊಂಡೆ. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರ ಭಾವಮೈದುನನದು ತ್ಯಾಮಗೊಂಡ್ಲುವಿನಲ್ಲಿ ತೆಂಗಿನ ತೋಟ. ಅಲ್ಲಿ ಕಾಯಿ ಕೂಡಿಡಲು ಮಂಗಳೂರು ಹೆಂಚಿನ ಒಂದು ಕೋಣೆ ಕಟ್ಟಿಸಿದ್ದಾರಂತೆ. ಭಾನುವಾರ ಬಸ್ಸು ಹತ್ತಿ ಹೋದೆ. ನೆತ್ತಿ ಸುಡುವ ಬಿಸಿಲಿನಿಂದ ಆ ಕೋಣೆಯೊಳಕ್ಕೆ ಕಾಲಿಟ್ಟರೆ ಹಾಯ್ ಎನ್ನಿಸಿತು. ಎಷ್ಟು ತಂಪು ಎಂದು ಪರೀಕ್ಷಿಸಬೇಕಲ್ಲ, ಚಾಪೆಯ ಮೇಲೆ ಸ್ವಲ್ಪ ಅಡ್ಡಾದೆ. ಎರಡು ಗಂಟೆ ನಿದ್ದೆ ಹೊಡೆದೆ. ಎದ್ದಾಗ ತೋಟದ ಯಜಮಾನರು ಎಳನೀರು ಹಿಡಿದುಕೊಂಡು ನಿಂತಿದ್ದರು. "ಒಳ್ಳೆ ನಿದ್ದೆ ಬಂದ್ಬಿಡ್ತು ನಿಮಗೆ. ಎಬ್ಬಿಸೋಣ ಅಂತಿದ್ದೆ. ಹೆಂಚಿನ ಸಂದಿಂದ ಒಂದೊಂದ್ಸಾರಿ ಚೇಳು ಬೀಳ್ತವೆ" ಎಂದರು. ನಾನು ಪಂಚೆ ಕೊಡವಿಕೊಂಡು ಹೊರಗೆ ಬಂದು ಎಳನೀರು ಕುಡಿದೆ. ಆದರೂ ತಂಪು ತಂಪೇ. ಹೆಂಚೇ ಸರಿ ಎಂದು ಬಸ್ಸಿನಲ್ಲಿ ತೀರ್ಮಾನಿಸಿದೆ.

ಸಂಜೆ ಊಟಕ್ಕೆ ಕೂತಾಗ ಹೇಳಿದೆ. ಅಪ್ಪ ಮುದ್ದೆ ಮುರಿಯುತ್ತ, "ಹೆಂಚು ಒಳ್ಳೇದೇ ಕಣಪ್ಪ. ಕೋತಿ ಒಂದು ನೋಡ್ಕೊಬೇಕು, ಅಷ್ಟೇ" ಎಂದು ಸಾರು ಕೇಳಿದರು. ಅಷ್ಟೇ ಹೇಳಿದ್ದು. ನಾನು ಕೈಯ ತುತ್ತನ್ನು ತಟ್ಟೆಗೇ ಹಾಕಿದೆ. ಮಾಕಳಿದುರ್ಗದ ಬೆಟ್ಟದಲ್ಲಿ ತಿನ್ನಲು ಕಡಿಮೆಯಾದಾಗ ಅಲ್ಲಿನ ಕೋತಿಗಳು ಸಂಸಾರ ಸಮೇತ ನಮ್ಮ ಊರ ಕಡೆಗೆ ಬರುತ್ತವೆ. ಹೆಂಚಿನ ಮನೆಯೆಂದರೆ ಅವಕ್ಕೆ ಬಹಳ ಇಷ್ಟ. ಒಂದೊಂದೇ ಹೆಂಚು ಎತ್ತಿ ಕೆಳಗೇನಿದೆ ಎಂದು ನೋಡುತ್ತವೆ, ಏನೂ ಇಲ್ಲದಿದ್ದರೆ ಬೇಜಾರಾಗಿ ಆ ಹೆಂಚನ್ನು ಎಸೆಯುತ್ತವೆ. ಜರಿ ಸೀರೆಗೆಂದು ಮಗ್ಗದುದ್ದಕ್ಕೂ ಬಿಗಿದ ಎಳೆಗಳ ಹಾಸಿನ ಮೇಲೆ ಹೆಂಚಿನ ಚೂರು ಬಿದ್ದರೆ? "ಹೆಂಚು ಹಾಕ್ಸು. ಕೋತಿಗಳ್ಗೂ ಒಂದು ಆಟದ ಮೈದಾನ ಆಗುತ್ತೆ" ಎಂದು ಅಣ್ಣ ಬೇರೆ ಒಗ್ಗರಣೆ ಹಾಕಿದ. ಹೆಂಚು ಅಲ್ಲಿಗೆ ಮುಗಿಯಿತು.

ಮುಂದಿನ ಭಾನುವಾರ ತಗಡು ನೋಡಲು ದೇವನಹಳ್ಳಿಗೆ ಹೋದೆ. ಲಲಿತನ ಸೋದರಮಾವ ಅಲ್ಲಿ ದನದ ಕೊಟ್ಟಿಗೆಗೆ ಹೊಸ ಜಿಂಕ್ ತಗಡು ಹೊದಿಸಿದ್ದರು. ಅವರಿಗೆ ಅದರ ಮೇಲೆ ಬಹಳ ಅಭಿಮಾನ. ನಾನು ಬರುತ್ತೇನೆಂದು ತಿಳಿದು ಅದನ್ನು ತೊಳೆಸಿದ್ದರು ಎಂದು ಕಾಣುತ್ತದೆ, ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಒಳಗೆ ನಿಂತು ಅವರು ತಗಡಿನ ಗುಣಗಾನ ಮಾಡುವಾಗ ಮೇಲೆ ಯಾರೋ ದಬದಬ ಓಡಾಡಿದ ಹಾಗಾಯಿತು. ನಾನು ಬೆಚ್ಚಿದೆ. "ಏನಿಲ್ಲ, ಕಾಗೆ" ಎಂದರು. ಕೊಟ್ಟಿಗೆ ಖಾಲಿಯಾಗಿತ್ತು. ಹಸು ಹೊರಗೆ, ಗೋಡೆಯ ಪಕ್ಕದ ಒಂದು ಗೇಣು ನೆರಳಿಗೆ ಮೈಯೆಲ್ಲ ಸೇರಿಸಿಕೊಂಡು ನಿಂತಿತ್ತು. "ಹಸು ಯಾಕೆ ಹೊರಗಿದೆ?" ಎಂದು ಕೇಳಿದೆ. "ಅದಕ್ಕೆ ಒಳಗಡೆ ಬೇಜಾರು" ಎಂದರು ಮಾವ, ಹಣೆಯ ಬೆವರು ಒರೆಸಿಕೊಳ್ಳುತ್ತ. ಹಸು ಹೇಳಿದ್ದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು. ಆದರೆ ತಗಡಿಗೆ ಚೇಳಿಲ್ಲ, ಕೋತಿ ಬಂದರೂ ಒಡೆಯುವಂತಿಲ್ಲ. ತಗಡೇ ಸರಿ ಎಂದುಕೊಂಡು ಮನೆಗೆ ಬಂದೆ.

ಅಪ್ಪ ಜಗಲಿಯ ಮೇಲೆ ಕೂತಿದ್ದರು. ವಿಷಯ ತಿಳಿಸಿದೆ. "ತಗಡೂ ಒಳ್ಳೇದೇ" ಎಂದರು. ನಾನು ಸಮಾಧಾನದಿಂದ ಚಪ್ಪಲಿ ಬಿಡುತ್ತಿದ್ದಾಗ, "ಮಧ್ಯಾಹ್ನದ ಹೊತ್ತಿಗೆ ಕಾವಿಗೆ ರೇಷ್ಮೆ ಒಣಗಿ ಎಳೆ ಪಟಪಟ ಅಂತ ಕಿತ್ತೋಗ್ತವೆ. ಹೋಗ್ಲಿ ಬಿಡು, ನಿಂಗೆ ಹೆಂಗೆ ತೋಚುತ್ತೋ ಹಂಗೆ ಮಾಡು" ಎಂದರು. ಚಪ್ಪಲಿ ಮತ್ತೆ ಹಾಕಿಕೊಳ್ಳಬೇಕು ಅನ್ನಿಸಿತು. ನಲವತ್ತು ವರ್ಷ ನೇಯ್ದ ಮನುಷ್ಯ ಎಳೆ ಕಿತ್ತುಹೋಗುತ್ತದೆ ಎಂದ ಮೇಲೆ ತಗಡು ಹಾಕಿಸುವುದು ಹೇಗೆ? ಅಪ್ಪನ ಅನುಭವವನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಕೊನೆಗೆ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎದ್ದು ಕೂತ. ಯಾರನ್ನೂ ಕೇಳುವುದು ಬೇಡ, ಪ್ರಯೋಗ ಮಾಡಿಬಿಡೋಣ. ಹಿತ್ತಲಲ್ಲಿ ನಾಲ್ಕು ಇಟ್ಟಿಗೆಯ ಮೇಲೆ ಎರಡು ಹೆಂಚು, ಇನ್ನು ನಾಲ್ಕು ಇಟ್ಟಿಗೆಯ ಮೇಲೆ ಒಂದು ತಗಡಿನ ತುಂಡು ಇಟ್ಟೆ. ಎರಡರ ಕೆಳಗೂ ಒಂದೊಂದು ಎಳೆ ರೇಷ್ಮೆ ಕಟ್ಟಿದೆ. ಶಾಲೆಯ ಪ್ರಯೋಗಶಾಲೆಯಲ್ಲಿದ್ದ ಒಂದೇ ಒಂದು ಥರ್ಮಾಮೀಟರನ್ನು ಹೆಡ್‌ಮೇಷ್ಟ್ರಿಗೆ ಹೇಳಿ ತಂದೆ. ಅವರು ಯಾಕೆಂದು ಕೇಳಿದಾಗ ವಿಷಯ ವಿವರಿಸಿದೆ. ಅವರು, "ಕಲ್ಲು ಚಪ್ಪಡಿ ಹಾಕಿಸ್ರೀ, ನೂರು ವರ್ಷ ತಿರುಗಿ ನೋಡ್ಬೇಕಿಲ್ಲ" ಎಂದು ಮೂರನೆಯ ದಾರಿಯೊಂದನ್ನು ತೋರಿಸಿ ನನ್ನ ಎರಡು ದಿನ ಹಾಳು ಮಾಡಿದರು. ಪ್ರಯೋಗ ಐದು ದಿನ ನಡೆಯಿತು ಎಂದು ಹೇಳಬಹುದು. ಮೊದಲ ದಿನ ಹೆಂಚಿನ ಕೆಳಗೆ ಬೆಕ್ಕು ಬಂದು ಮಲಗಿತು. ಬೆಕ್ಕಿನ ಮೈಯ ಬಿಸಿಯನ್ನು ಲೆಕ್ಕದಿಂದ ಕಳೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ಎರಡನೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅಮ್ಮ ತಗಡಿನ ಮೇಲೆ ಬಟ್ಟೆ ಹಾಸಿ ಸಂಡಿಗೆ ಇಟ್ಟಿದ್ದಳು. "ಎಷ್ಟು ಚೆನ್ನಾಗಿ ಒಣಗುತ್ತೋ! ಇದೊಂದು ತುಂಡು ಇಲ್ಲೇ ಇರ್ಲಿ" ಎಂದಳು. ಐದನೆಯ ದಿನ ಕೋತಿಗಳು ಬಂದು ಸಂಡಿಗೆ ತಿಂದು, ಹೆಂಚು ಒಡೆದು, ಥರ್ಮಾಮೀಟರನ್ನು ಎತ್ತಿಕೊಂಡು ಹುಣಸೆ ಮರ ಹತ್ತಿದವು. ಶಾಲೆಯ ದಾಸ್ತಾನು ಪುಸ್ತಕದಲ್ಲಿ ಆ ಥರ್ಮಾಮೀಟರಿನ ಎದುರು ಏನು ಬರೆಯಬೇಕೆಂದು ಹೆಡ್‌ಮೇಷ್ಟ್ರು ನನ್ನನ್ನು ಬಹಳ ದಿನ ಕೇಳುತ್ತಿದ್ದರು.

ಆಮೇಲೆ ನನಗೊಂದು ಮಹಾ ಉಪಾಯ ಹೊಳೆಯಿತು. ಸೂರಿಗೆ ಎರಡು ಇಳಿಜಾರು ಇರುತ್ತವಲ್ಲ, ಒಂದು ಕಡೆ ಹೆಂಚು, ಇನ್ನೊಂದು ಕಡೆ ತಗಡು! ಮುನಿಯಪ್ಪನನ್ನು ಕರೆಸಿ ಕಾಗದದ ಮೇಲೆ ಬರೆದು ತೋರಿಸಿದೆ. ಅವನು ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಮೇಷ್ಟ್ರೇ, ನಾನು ಮನೆ ಕಟ್ಟಿದ್ದೀನಿ, ಗುಡಿ ಕಟ್ಟಿದ್ದೀನಿ, ಹಿಂಗೆ ಅರ್ಧ ತಲೆ ಬೋಳಿಸ್ದಂಗೆ ಯಾವ್ದನ್ನೂ ಕಟ್ಟಿಲ್ಲ. ನೆಲಮಂಗ್ಲದಲ್ಲಿ ಒಂದು ಕೆಲ್ಸ ಬಂದದೆ, ಹೋಗ್ಬರ್ತೀನಿ. ನೀವು ತೀರ್ಮಾನ ಮಾಡ್ದಾಗ ಹೇಳಿ ಕಳ್ಸಿ" ಎಂದು ಕರಣೆ, ತೂಗುಗುಂಡು ಎಲ್ಲ ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ತೊಡೆಮಟ್ಟದ ಗೋಡೆ ಹಿತ್ತಲಲ್ಲಿ ಹಾಗೇ ನಿಂತಿತು. ಲಲಿತ ಅದರ ಮೇಲೆ ಪಾತ್ರೆ ಬೋರಲು ಹಾಕತೊಡಗಿದಳು.

ಅಷ್ಟರಲ್ಲಿ ಯುಗಾದಿ ಹತ್ತಿರ ಬಂದಿತ್ತು. ಒಂದು ಸಂಜೆ ಅಣ್ಣ ಪಡಸಾಲೆಯಿಂದ ಕೈ ಒರೆಸಿಕೊಳ್ಳುತ್ತ ಬಂದ. ಯಂತ್ರದ ಸದ್ದಿನಿಂದ ಅವನ ಗಂಟಲೇ ಮೇಲೇರಿಹೋಗಿತ್ತು. "ಲೋ, ನಿನ್ನ ಹೆಂಚು ತಗಡು ಆಗೋಷ್ಟೊತ್ತಿಗೆ ಸರೋಜನ ಮಗನಿಗೆ ನಾಮಕರಣ ಆಗುತ್ತೆ. ಸಾಕು ಬಿಡು. ಬೆಂಗ್ಳೂರಿಗೆ ಹೋಗಿ ಒಳ್ಳೆ ಅಂಗಡೀಲಿ ಒಂದು ಸೀರೆ ತಂದ್ಬಿಡ್ತೀನಿ" ಎಂದು ಕೂಗಿದ. ಅಪ್ಪ ಅಲ್ಲೇ ಜಗಲಿಯ ಮೇಲಿದ್ದರು. ಎರಡು ತಿಂಗಳಿನಿಂದ ಅವರು ಕೂರುವ ಜಾಗ ಅದೇ ಆಗಿತ್ತು. ಕೈಗೆ ಕೆಲಸವಿಲ್ಲದೆ ಹೆಬ್ಬೆರಳು ತೋರುಬೆರಳಿನ ನಡುವೆ ಇಲ್ಲದ ಎಳೆಯೊಂದನ್ನು ಹೊಸೆಯುತ್ತಿದ್ದರು. ಅಣ್ಣನ ಮಾತಿಗೆ ಅವರ ಮುಖ ಬಿಳಿಚಿಕೊಂಡಿತು. ಗೋಡೆ ಹಿಡಿದುಕೊಂಡು ಒಳಗೆ ಹೋದರು. ಸರೋಜ ನನ್ನ ಹತ್ತಿರ ಬಂದು, "ಅಣ್ಣಾ, ನಂಗೆ ಅಂಗಡಿ ಸೀರೆ ಆದ್ರೂ ಆಯ್ತು, ಹರಕು ಸೀರೆ ಆದ್ರೂ ಆಯ್ತು. ಅಪ್ಪನ್ನ ಹಿಂಗೆ ಸುಮ್ನೆ ಕೂರಿಸ್ಬೇಡ ಕಣೋ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾಚಿಕೆಯಾಯಿತು ನನಗೆ. ಮಕ್ಕಳಿಗೆ ಗುರುತ್ವಾಕರ್ಷಣೆ ಹೇಳಿಕೊಡುವವನು ಒಂದು ಸೂರನ್ನು ಮೇಲೆ ನಿಲ್ಲಿಸಲಾರದೆ ಹೋದೆನಲ್ಲ ಎಂದು ಸಂಕಟವಾಯಿತು.

ಮಾರನೆಯ ದಿನ ಶಾಲೆಯಿಂದ ಬರುವ ಹೊತ್ತಿಗೆ ಹಿತ್ತಲಲ್ಲಿ ಗಲಾಟೆ. ನಾಲ್ಕಾರು ಆಳು ಬಿದಿರು ಗಳ ಹೂಳುತ್ತಿದ್ದಾರೆ, ತೆಂಗಿನ ಗರಿಯ ರಾಶಿ ಬಿದ್ದಿದೆ, ನಡುವೆ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾಳೆ. ಪುರೋಹಿತರು ಒಂದು ಕಡೆ ಕಂಬಕ್ಕೆ ಅರಿಶಿನ ಹಚ್ಚುತ್ತ ಗೊಣಗುತ್ತಿದ್ದಾರೆ. ವಿಚಾರಿಸಿದರೆ, ಹಾಲುಗಂಬ ನೆಡುತ್ತಿದ್ದಾರಂತೆ! ಹಾಲುಗಂಬವೆಂದರೆ ಮದುವೆ ಚಪ್ಪರದ ಮೊದಲ ಕಂಬ. ಮದುವೆಗೆ ನಾಲ್ಕೈದು ದಿನವಿರುವಾಗ ನೆಡುವುದು ವಾಡಿಕೆ. ಮದುವೆಗೆ ಇನ್ನೂ ನಲವತ್ತು ದಿನವಿತ್ತು. "ಇಷ್ಟು ಮುಂಚೆ ಯಾರಾದ್ರೂ ಚಪ್ಪರ ಹಾಕ್ತಾರೇನಮ್ಮಾ?" ಎಂದು ಪುರೋಹಿತರು ಕೇಳಿದರೆ, ಅಮ್ಮ, "ಹಾಲುಗಂಬಕ್ಕೆ ಒಳ್ಳೇ ದಿನ ನೋಡ್ಬೇಕು ಅಂತ ಅಲ್ವಾ ಸ್ವಾಮಿ ಇರೋದು? ಇವತ್ತು ಒಳ್ಳೇ ದಿನ ಹೌದೋ ಅಲ್ವೋ ಹೇಳಿ. ಎಷ್ಟು ದಿನ ಮುಂಚೆ ಅಂತ ಎಲ್ಲಿ ಬರ್ದಿದೆ?" ಎಂದಳು. ಅವರು ಪಂಚಾಂಗ ಮುಚ್ಚಿ ಮಂತ್ರ ಶುರುಮಾಡಿದರು. ಚಪ್ಪರ ಹಿತ್ತಲು ತುಂಬ ಹರಡಿ ನನ್ನ ತೊಡೆಮಟ್ಟದ ಗೋಡೆಯನ್ನೂ ಮಗ್ಗದ ಗುಂಡಿಯನ್ನೂ ತನ್ನೊಳಕ್ಕೆ ತೆಗೆದುಕೊಂಡಿತು. ಅಮ್ಮ ನನ್ನ ಕಡೆ ತಿರುಗಿ, "ಹೆಂಚೂ ಬೇಡ ತಗಡೂ ಬೇಡ. ಹೋಗಿ ಅಟ್ಟದಿಂದ ಮಗ್ಗ ಇಳ್ಸು" ಎಂದಳು. ನಾನು ಎರಡು ತಿಂಗಳು ಮಾಡಲಾಗದ್ದನ್ನು ಅವಳು ಮಧ್ಯಾಹ್ನದ ಊಟಕ್ಕೂ ಸಂಜೆಯ ಕಾಫಿಗೂ ನಡುವೆ ಮುಗಿಸಿದ್ದಳು. ಯಾರನ್ನೂ ವಿಚಾರಿಸಿರಲಿಲ್ಲ.

ಮಗ್ಗ ಇಳಿಸಿ, ಕೂಡಿಸಿ, ಹಾಸು ಏರಿಸುವುದಕ್ಕೆ ಒಂದು ವಾರ ಹಿಡಿಯಿತು. ಅಪ್ಪ ಗುಂಡಿಗೆ ಕಾಲು ಇಳಿಬಿಟ್ಟು ಕೂತ ದಿನ ಅವರ ಮುಖ ನೋಡಬೇಕಿತ್ತು. ಬೆಳಗಿನ ಕಾಫಿಯಾದರೆ ಗುಂಡಿಗೆ ಇಳಿಯುತ್ತಿದ್ದರು, ಸಂಜೆ ಬೆಳಕು ಹೋಗುವಾಗ ಏಳುತ್ತಿದ್ದರು. ಪಡಸಾಲೆಯಿಂದ ಪವರ್‌ಲೂಮಿನ ಖಟಖಟ, ಹಿತ್ತಲಿನಿಂದ ಅಪ್ಪನ ಮಗ್ಗದ ನಿಧಾನವಾದ ಟಕ್ ಟಕ್. ಅಮ್ಮ ದಿನವಿಡೀ ಅವರ ಪಕ್ಕದಲ್ಲೇ ಕೂತು ಬುಟ್ಟಾಕ್ಕೆ ಬೇಕಾದ ಎಳೆ ಎತ್ತಿಕೊಡುತ್ತಿದ್ದಳು. ಅಡುಗೆ ಪೂರ್ತಿ ಲಲಿತನ ಪಾಲಿಗೆ ಬಂತು. ಅವಳ ಬಾಯಿ ಕೆಲವು ದಿನ ನನ್ನ ಮೇಲೇ ಓಡಿತು.

ಸೀರೆ ಅರ್ಧಕ್ಕಿಂತ ಹೆಚ್ಚು ಆಗಿದ್ದಾಗ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿಯಿತು. ಚೈತ್ರದ ಮಳೆ ಹೇಳಿ ಕೇಳಿ ಬರುವುದಿಲ್ಲ. ತೆಂಗಿನ ಗರಿಯ ಚಪ್ಪರ ಬಿಸಿಲಿಗೆ ಸರಿ, ಮಳೆಗೆ ಜರಡಿ. ರೇಷ್ಮೆಯ ಮೇಲೆ ನೀರು ಬಿದ್ದರೆ ಬಣ್ಣ ಬಿಡುತ್ತದೆ, ನೇಯ್ದದ್ದೆಲ್ಲ ಹಾಳು. "ಟಾರ್ಪಾಲು, ಟಾರ್ಪಾಲು!" ಎಂದು ಅಮ್ಮ ಕಿರುಚಿದಳು. ಅಣ್ಣ ಯಂತ್ರ ನಿಲ್ಲಿಸಿ ಓಡಿಬಂದ. ಅವನು ನೂಲಿನ ಮೂಟೆ ಮುಚ್ಚಲು ಇಟ್ಟಿದ್ದ ಟಾರ್ಪಾಲನ್ನು ಎಳೆದು ತಂದು, ಕಟ್ಟಲು ಪುರುಸೊತ್ತಿಲ್ಲದೆ, ಅಣ್ಣ ಒಂದು ಮೂಲೆ, ನಾನೊಂದು ಮೂಲೆ, ಲಲಿತ ಮತ್ತು ಸರೋಜ ಇನ್ನೆರಡು ಮೂಲೆ ಹಿಡಿದು ಮಗ್ಗದ ಮೇಲೆ ಎತ್ತಿ ನಿಂತೆವು. ಧೋ ಎಂದು ಸುರಿಯಿತು. ನೀರು ನನ್ನ ತೋಳಿನುದ್ದಕ್ಕೂ ಹರಿದು ಪಂಚೆಯೊಳಗೆ ಇಳಿಯಿತು. ಕೈ ಸೋತರೂ ಬಿಡುವಂತಿರಲಿಲ್ಲ. ಕೆಳಗೆ ಅಪ್ಪ ಹಾಸಿನ ಮೇಲೆ ಬಗ್ಗಿ ಎರಡೂ ಕೈ ಅಗಲಿಸಿ ಸೀರೆಯನ್ನು ಮೈಯಿಂದ ಮುಚ್ಚಿಕೊಂಡಿದ್ದರು. ಅರ್ಧ ಗಂಟೆ ಹಾಗೇ ನಿಂತಿದ್ದೆವು. ಮಳೆ ನಿಂತ ಮೇಲೆ ಲಲಿತ ಒದ್ದೆ ಮುಖ ಒರೆಸಿಕೊಂಡು ನನ್ನನ್ನು ನೋಡಿ, "ಅಂತೂ ಸೂರು ತೀರ್ಮಾನ ಆಯ್ತಲ್ಲ. ಹೆಂಚಲ್ಲ, ತಗಡಲ್ಲ, ಮೇಷ್ಟ್ರು" ಎಂದಳು. ಅಪ್ಪನೂ ಜೋರಾಗಿ ನಕ್ಕರು. ಸೀರೆಗೆ ಒಂದು ಹನಿಯೂ ತಾಕಿರಲಿಲ್ಲ.

ಇದಾದ ಮೂರ್ನಾಲ್ಕು ದಿನಕ್ಕೆ ಶಾಲೆಗೆ ಬೇಸಿಗೆ ರಜೆ ಬಂತು. ನಾನು ಬೆಳಗ್ಗೆ ಬಾವಿಯ ಹತ್ತಿರ ಹಲ್ಲುಜ್ಜುತ್ತ ನಿಂತಿದ್ದೆ. ಅಪ್ಪ ಅಂಚಿನ ನೂಲನ್ನು ಚಪ್ಪರದ ಸಂದಿಯಿಂದ ಬೀಳುವ ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಏನೇ, ಇದು ಹಸ್ರೋ ಕರೀದೋ?" ಎಂದು ಅಮ್ಮನನ್ನು ಕೇಳಿದರು. "ಹಸ್ರು. ಹಾಕಿ" ಎಂದಳು ಅಮ್ಮ, ಅದು ದಿನನಿತ್ಯದ ಮಾತು ಎನ್ನುವ ಹಾಗೆ. ನಾನು ಬಾಯಿಯ ನೊರೆಯನ್ನು ಉಗುಳಿ ಹತ್ತಿರ ಹೋದೆ. ಅಪ್ಪನ ಕಣ್ಣನ್ನು ಆವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಎರಡರಲ್ಲೂ ಬೆಳ್ಳಗೆ ಪೊರೆ ಕಟ್ಟಿತ್ತು.

"ಯಾವಾಗಿಂದ ಅಪ್ಪಾ?" ಎಂದೆ.

"ಹೋದ ದೀಪಾವಳಿಯಿಂದ" ಎಂದರು. "ಪಡಸಾಲೆ ಕಿಟಕಿ ಹತ್ರ ಹೆಂಗೋ ನಡೀತಿತ್ತು. ಹಿತ್ತಲಲ್ಲಿ ಮನೆ ಕೇಳಿದ್ದು ನಾನೇ, ಕತ್ಲೆ ಯೋಚ್ನೆ ಬಂದಿದ್ದು ಗೋಡೆ ಎದ್ಮೇಲೆ. ನೀನು ನಾಲ್ಕು ಗೋಡೆ ಎಬ್ಬಿಸಿ, ಮೇಲೆ ಹೆಂಚೋ ತಗಡೋ ಮುಚ್ಚಿ, ಒಂದು ಗವಾಕ್ಷಿ ಬಿಟ್ಟಿದ್ದಿದ್ರೆ ನಾನು ಆ ಕತ್ಲೆ ಒಳಗೆ ಏನು ನೇಯ್ತಿದ್ದೆ ಹೇಳು?"

ನನಗೆ ಆಗ ಒಂದೊಂದೇ ಅರ್ಥವಾಗತೊಡಗಿತು. ಹೆಂಚೆಂದಾಗ ಕೋತಿ. ತಗಡೆಂದಾಗ ಕಾವು. ಹೆಡ್‌ಮೇಷ್ಟ್ರ ಕಲ್ಲು ಚಪ್ಪಡಿಯ ಮಾತನ್ನು ಹೇಳಿದಾಗಲೂ, "ಚಪ್ಪಡಿ ಒಳ್ಳೇದೇ, ಬಿರುಕು ಬಿಟ್ರೆ ತಲೆ ಮೇಲೆ ಬೀಳುತ್ತೆ" ಎಂದಿದ್ದರು. ನಾನೊಂದು ತೀರ್ಮಾನಕ್ಕೆ ಬಂದಾಗಲೆಲ್ಲ ಅವರು ಮೆಲ್ಲನೆ ಒಂದು ಕಡ್ಡಿ ಆಡಿಸಿ ಎದ್ದುಹೋಗುತ್ತಿದ್ದರು. ನಾನೋ, ನನ್ನ ಕಾಯಿಲೆಯೇ ಕಾರಣವೆಂದು ತಿಳಿದು ಎರಡು ತಿಂಗಳು ನನ್ನನ್ನೇ ಬೈದುಕೊಂಡಿದ್ದೆ.

"ಮೊದ್ಲೇ ಹೇಳೋಕೇನಾಗಿತ್ತು?" ಎಂದು ರೇಗಿದೆ. ನಿಜವಾಗಿಯೂ ಸಿಟ್ಟು ಬಂದಿತ್ತು.

"ಹೇಳಿದ್ರೆ ನಿಮ್ಮಣ್ಣ ಅವತ್ತೇ ಬೆಂಗ್ಳೂರಿಂದ ಸೀರೆ ತರ್ತಿದ್ದ. ನೀನು, ಆಪರೇಷನ್ನು ಬೆಂಗ್ಳೂರಲ್ಲೋ ಮೈಸೂರಲ್ಲೋ ಅಂತ ವಿಚಾರಿಸೋಕೆ ಹೋಗ್ತಿದ್ದೆ" ಎಂದು ಅಪ್ಪ ಲಾಳಿ ಎತ್ತಿಕೊಂಡರು. "ನನ್ನ ಮಗಳ ಸೀರೆ ಕಣೋ. ಬಿಟ್ಟುಕೊಡೋಕಾಗ್ಲಿಲ್ಲ ನಂಗೆ."

ನಾನು ತ್ಯಾಮಗೊಂಡ್ಲುವಿನಲ್ಲಿ ಕೇಳಿದ್ದೆ, ದೇವನಹಳ್ಳಿಯಲ್ಲಿ ಕೇಳಿದ್ದೆ, ಹೆಡ್‌ಮೇಷ್ಟ್ರನ್ನು ಕೇಳಿದ್ದೆ, ಬೆಕ್ಕಿನ ಅಭಿಪ್ರಾಯವನ್ನೂ ಗಮನಿಸಿದ್ದೆ. ಆ ಸೂರಿನ ಕೆಳಗೆ ಕೂರುವ ಮನುಷ್ಯನನ್ನು, ನಿನಗೆ ಏನು ಬೇಕಪ್ಪಾ ಎಂದು ಒಂದು ಸಲವೂ ಕೇಳಿರಲಿಲ್ಲ. ಅವರಿಗೆ ತೀರ್ಮಾನ ಹೇಳಿದ್ದೆ, ಅಷ್ಟೇ. ಮುಖ ತೊಳೆಯುವ ನೆಪದಲ್ಲಿ ಬಾವಿಯ ಹತ್ತಿರಕ್ಕೆ ವಾಪಸು ಹೋದೆ.

ಸೀರೆ ಮದುವೆಗೆ ಎಂಟು ದಿನವಿರುವಾಗ ಮಗ್ಗದಿಂದ ಇಳಿಯಿತು. ಅದೇ ಚಪ್ಪರಕ್ಕೆ ಹೊಸ ಗರಿ ಹೊದಿಸಿ, ಮಾವಿನ ತೋರಣ ಕಟ್ಟಿ ಮದುವೆ ಮಾಡಿದೆವು. ಮಗ್ಗವನ್ನು ಬಿಚ್ಚಿ ಒಂದು ಪಕ್ಕಕ್ಕೆ ಇಟ್ಟು, ಗುಂಡಿಗೆ ಹಲಗೆ ಮುಚ್ಚಿ, ಅದರ ಮೇಲೇ ಹಸೆಮಣೆ ಹಾಕಿದ್ದರು. ಸರೋಜ ಎಣ್ಣೆಗೆಂಪಿನ ಸೀರೆಯುಟ್ಟು ಬಂದು ಕೂತಾಗ ಬೀಗರ ಕಡೆಯ ಹೆಂಗಸರು ಸೆರಗು ಹಿಡಿದು ಹಿಡಿದು ನೋಡಿದರು. ಒಬ್ಬಾಕೆ ಅಂಚಿನ ಹತ್ತಿರ ಒಂದು ಬುಟ್ಟಾ ಓರೆಯಾಗಿದೆ ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಆಕೆಯನ್ನು ಹುಡುಕಿಕೊಂಡು ಹೋಗಿ ಜಗಳವಾಡಬೇಕು ಎನ್ನಿಸಿತು. ಅಪ್ಪ ಮಾತ್ರ ಏನನ್ನೂ ನೋಡದೆ, ಕಾಣದ ಕಣ್ಣನ್ನು ಆ ಕೆಂಪು ಬಣ್ಣದ ಕಡೆಗೇ ನೆಟ್ಟುಕೊಂಡು ಧಾರೆ ಎರೆದರು.

ಜ್ಯೇಷ್ಠದಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಅವರ ಕಣ್ಣಿನ ಪೊರೆ ತೆಗೆಸಿದೆವು. ಆಸ್ಪತ್ರೆಯನ್ನು ಅಣ್ಣನೇ ಗೊತ್ತುಮಾಡಿದ. ನನ್ನನ್ನು ಹತ್ತಿರ ಸೇರಿಸಲಿಲ್ಲ. ದಪ್ಪ ಕನ್ನಡಕ ಹಾಕಿಕೊಂಡು ಅಪ್ಪ ಮನೆಗೆ ಬಂದ ಮೇಲೆ ನಾನು ಪಾಠ ಕಲಿತವನಂತೆ ಅವರ ಎದುರು ಕೂತು, "ಅಪ್ಪಾ, ಮಳೆಗಾಲ ಬಂತು. ಈ ಸಾರಿ ನಾನು ಯಾರನ್ನೂ ಕೇಳಲ್ಲ, ನಿನ್ನೇ ಕೇಳ್ತೀನಿ. ದೊಡ್ಡ ಕಿಟಕಿ ಎರಡು ಇಡಿಸ್ತೀನಿ. ಮೇಲಕ್ಕೆ ಹೆಂಚೋ ತಗಡೋ, ನೀನೇ ಹೇಳು" ಎಂದೆ.

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ಯಾರಿಗೋ?" ಎಂದರು.

"ನಿನ್ನ ಮಗ್ಗಕ್ಕೆ."

"ಸರೋಜನ ಸೀರೆಯೇ ಕೊನೇದು ಕಣಪ್ಪ. ಕಣ್ಣು ಬಂತು, ಸರಿ. ಕಾಲು ತುಳಿಯೋಕೆ ಒಪ್ತಿಲ್ಲ. ಮಗ್ಗ ಯಾರಿಗಾದ್ರೂ ಕೊಟ್ಬಿಡಿ" ಎಂದು ಕನ್ನಡಕ ಹಾಕಿಕೊಂಡರು.

ಮಾರನೆಯ ದಿನವೇ ಹೋಗಿ ತಗಡು ತಂದೆ. ಯಾರನ್ನೂ ಕೇಳಲಿಲ್ಲ, ಯಾವುದನ್ನೂ ಹೋಲಿಸಿ ನೋಡಲಿಲ್ಲ, ಅಂಗಡಿಯವನು ಮೊದಲು ತೋರಿಸಿದ್ದನ್ನೇ ಗಾಡಿಗೆ ಹಾಕಿಸಿದೆ. ಮುನಿಯಪ್ಪ ಬಂದು, "ಏನ್ ಮೇಷ್ಟ್ರೇ, ಇಷ್ಟು ಬೇಗ ತೀರ್ಮಾನ ಮಾಡ್ಬಿಟ್ರಿ!" ಎಂದು ಆಶ್ಚರ್ಯಪಟ್ಟ. ನಾಲ್ಕು ದಿನದಲ್ಲಿ ಗೋಡೆ ಮೇಲೆದ್ದು ತಗಡು ಕೂತಿತು. ಲಲಿತ ಅದರೊಳಗೆ ಸೌದೆ ಜೋಡಿಸಿದಳು. ಸಂಜೆ ಅಪ್ಪನನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಬಾಗಿಲಲ್ಲಿ ನಿಂತು, ತಲೆ ಹಿಂದಕ್ಕೆ ವಾಲಿಸಿ, ಹೊಸ ಕಣ್ಣಿನಿಂದ ತಗಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಕಾವು ಅನ್ನುತ್ತಾರೆ, ಸದ್ದು ಅನ್ನುತ್ತಾರೆ, ತುಕ್ಕು ಹಿಡಿಯುತ್ತದೆ ಅನ್ನುತ್ತಾರೆ, ಏನಾದರೂ ಒಂದು ಕೊಂಕು ತೆಗೆದೇ ತೆಗೆಯುತ್ತಾರೆ ಎಂದು ನಾನು ಉಸಿರು ಬಿಗಿಹಿಡಿದು ಕಾದೆ.

"ಚೆನ್ನಾಗಿದೆ ಕಣೋ" ಎಂದರು ಅಪ್ಪ, ಮತ್ತೆ ಜಗಲಿಗೆ ಹೋಗಿ ಕೂತರು.

ಹೆಂಚೇ ಹಾಕಿಸಬೇಕಿತ್ತೇನೋ ಎಂದು ನನಗೆ ಅವತ್ತಿನಿಂದ ಶುರುವಾದದ್ದು ಇನ್ನೂ ಹೋಗಿಲ್ಲ.